ನಮ್ಮಕ್ಕನ ಹಾರ್ಟ್ ಅಟ್ಯಾಕ್‌ಗೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿದ್ರು ಸಾರ್

ಆರೋಗ್ಯ ಮಂತ್ರಿಗಳಿಗೆ ಮಂಡ್ಯದಿಂದ ನಮಸ್ಕಾರ,

ನಮ್ಮಕ್ಕಂಗೆ 36 ವರ್ಷ. ಬೆಳಿಗ್ಗೆ ಡೈರಿಗೆ ಹಾಲು ಹಾಕಕ್ಕೆ ಹೋದವ್ಳು ಕ್ಯಾನ್ ಇಳಿಸಿ ಅಲ್ಲೇ ಜಗಲಿ ಮೇಲೆ ಕೂತ್ಬಿಟ್ಲು, ಎದೆ ಹಿಡ್ಕೊಂಡು ಒದ್ದಾಡೋದು ಗಿದ್ದಾಡೋದು ಏನೂ ಇಲ್ಲ, ದವಡೆ ಎಳೀತದೆ, ಬೆನ್ನು ಹಿಡ್ಕೊಂಡದೆ, ವಾಕರಿಕೆ ಬತ್ತದೆ ಅಂದ್ಲು ಅಷ್ಟೆ. ಆಸ್ಪತ್ರೆಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಹಾಕಿ 'ಟೆನ್ಷನ್ ಮಾಡ್ಕೋಬೇಡಮ್ಮ' ಅಂತ ಕಳಿಸಿದ್ರು. ಇಸಿಜಿ ಮಿಷಿನ್ ಅದೇ ರೂಮಲ್ಲಿ ಬಟ್ಟೆ ಮುಚ್ಕೊಂಡು ಕೂತಿತ್ತು. ಅದಕ್ಕೂ ಮುಂಚೆ ಅದೇ ಜಾಗಕ್ಕೆ ಭಾವ ಎದೆನೋವು ಅಂತ ಹೋದಾಗ ಬಾಯಿ ಬಿಡೋಕ್ ಮುಂಚೆನೇ ಮಲಗಿಸಿ ಇಸಿಜಿ ತೆಗ್ದಿದ್ರು, ಅವ್ರಿಗೆ ಬಂದಿದ್ದು ನಿಜವಾಗ್ಲೂ ಗ್ಯಾಸು!

ಮಾರನೇ ದಿನ ಮೈಸೂರಿಗೆ ಓಡಿ ಸ್ಟೆಂಟ್ ಹಾಕ್ಸಿದ್ವಿ, ಜೀವ ಉಳೀತು. ಈಗ ಒಂದು ಬಿಂದಿಗೆ ಎತ್ತಿದ್ರೆ ಏದುಸಿರು ಬರುತ್ತೆ.

ಚಿಕ್ಕ ವಯಸ್ಸಲ್ಲಿ ಗಂಡಸ್ರಿಗೇ ಜಾಸ್ತಿ ಬರೋದು ಅಂತ ನಂಗೂ ಗೊತ್ತು ಸಾರ್, ಬೀಡಿ ಸಿಗರೇಟು ಒಂದ್ಕಡೆ, ಮುಟ್ಟು ನಿಲ್ಲೋವರ್ಗೂ ಈಸ್ಟ್ರೋಜನ್ ಅನ್ನೋ ಹಾರ್ಮೋನು ಹೆಂಗಸ್ರನ್ನ ಒಂದಷ್ಟು ಕಾಯುತ್ತೆ ಅನ್ನೋದು ಇನ್ನೊಂದ್ಕಡೆ. ಆದ್ರೆ ಕಮ್ಮಿ ಬರುತ್ತೆ ಅನ್ನೋದನ್ನೇ ಬರಲ್ಲ ಅಂತ ಮಾಡ್ಕೊಂಡವ್ರೆ. ಬಸುರೀಲಿ ಬಿಪಿ, ಶುಗರ್ ಬಂದಿದ್ದೋರಿಗೆ, ಬೇಗ ಮುಟ್ಟು ನಿಂತೋರಿಗೆ ಮುಂದೆ ಹಾರ್ಟಿನ ತೊಂದ್ರೆ ಜಾಸ್ತಿ. ಕೆಲವು ಬಾಣಂತೀರಿಗೆ ಕೊಬ್ಬು ಕಟ್ಟದೇನೇ ರಕ್ತನಾಳದ ಒಳಗೋಡೆ ಸೀಳಿ ಅಟ್ಯಾಕ್ ಆಗುತ್ತೆ.

ಪುನೀತ್ ಅವ್ರು 46ಕ್ಕೇ ಹೋದ್ಮೇಲೆ ಅವ್ರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂದ್ರಿ, ತಾಲ್ಲೂಕು ಆಸ್ಪತ್ರೆಲೇ ರಕ್ತ ಹೆಪ್ಪು ಕರಗ್ಸೋ ಟೆನೆಕ್ಟೆಪ್ಲೇಸ್ ಫ್ರೀ, ಒಳ್ಳೇ ಕೆಲಸ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಇಂಜೆಕ್ಷನ್ ಸಿಗ್ಬೇಕಾದ್ರೆ ಮೊದ್ಲು ಇಸಿಜಿ ಆಗ್ಬೇಕಲ್ಲ? 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿಗೆ ಹೆದರಿ ಮೈಸೂರಿನ ಜಯದೇವ ಹೃದಯದ ಆಸ್ಪತ್ರೆ ಮುಂದೆ ಜನ ಕ್ಯೂ ನಿಂತಾಗ್ಲೂ ನಮ್ಮೂರ ಹೆಂಗಸ್ರು ಗಂಡನ್ನ, ಮಗನ್ನ ಕಳಿಸಿ ತಾವು ಮನೇಲೇ ಉಳಿದ್ರು.

ದವಡೆ, ಬೆನ್ನು, ಏದುಸಿರು, ಸುಮ್ಸುಮ್ನೆ ಬೆವರೋದು ಅಂತ ಯಾವ ಹೆಣ್ಮಗಳು ಬಂದ್ರೂ ಹತ್ತು ನಿಮಿಷದೊಳಗೆ ಇಸಿಜಿ ತೆಗೀಬೇಕು ಅಂತ ಆರ್ಡರ್ ಮಾಡಿ ಸಾರ್. ಒಂದು ಪರದೆ ಕಟ್ಸಿ, ಲೇಡಿ ಸ್ಟಾಫ್ ಹಾಕಿ, ರವಿಕೆ ಬಿಚ್ಬೇಕಲ್ಲ ಅಂತ ನಾಚ್ಕೊಂಡು ಬೇಡ ಅನ್ನೋರೂ ಅವ್ರೆ. ಆಮೇಲೆ ತಾಯಿ ಕಾರ್ಡಲ್ಲಿ ಬಿಪಿ ಜಾಸ್ತಿ ಅಂತ ಇದ್ದೋರನ್ನ ಹೆರಿಗೆ ಆದ್ಮೇಲೂ ವರ್ಷಕ್ಕೊಂದ್ಸಲ ಕರೆಸಿ ನೋಡಿ. ಅಕ್ಕನ ಕಾರ್ಡ್ ಇನ್ನೂ ಬೀರುನಲ್ಲಿದೆ, ಎರಡನೇ ಮಗು ಟೈಮಲ್ಲಿ 150/100 ಅಂತ ಬರೆದು ಕೆಂಪು ಪೆನ್ನಲ್ಲಿ ರೌಂಡ್ ಹಾಕವ್ರೆ, ಅದಾದ್ಮೇಲೆ ಯಾರೂ ಅದನ್ನ ತೆಗೆದು ನೋಡಿಲ್ಲ.