ಕೋವಿಗಿಂತ ಮೊದಲು ನಡಾವಳಿ ಪುಸ್ತಕ

ಆಕ್ಟನ್, ಮ್ಯಾಸಚೂಸೆಟ್ಸ್
ಏಪ್ರಿಲ್ 24

ತೀರ್ಥರೂಪರಾದ ಅಪ್ಪನಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಏನೂ ಇಲ್ಲ’ ಎಂದುಬಿಡುತ್ತಾರೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಸೋಮವಾರ ಸಂಜೆ ಚಹಾದ ಹೊತ್ತಿಗೆ ನೀವು ಎರಡು ಸಲ ಫೋನ್ ಮಾಡಿದ್ದಿರಿ. ನಮಗೆ ಆಗ ಬೆಳಗಿನ ಏಳು ಗಂಟೆ. ನಾನು ಮತ್ತು ಮಗ ಊರವರ ಜೊತೆ ಕಾಂಕರ್ಡ್‌ಗೆ ನಡೆಯುತ್ತಿದ್ದೆವು. ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಈ ರಾಜ್ಯಕ್ಕೆ ರಜೆ. ಈ ನಾಡು ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ, 1775ರ ಏಪ್ರಿಲ್ 19ರಂದು, ಆಕ್ಟನ್ನಿನ ರೈತರು ಯಾವ ದಾರಿಯಲ್ಲಿ ಬ್ರಿಟಿಷ್ ಸೈನ್ಯವನ್ನು ಎದುರಿಸಲು ಹೋದರೋ ಅದೇ ದಾರಿಯಲ್ಲಿ ಪ್ರತಿ ವರ್ಷ ಜನ ನಡೆಯುತ್ತಾರೆ. ಮರಗಳಿನ್ನೂ ಚಿಗುರಿಲ್ಲ, ನೆಲವೆಲ್ಲ ಕೆಸರು. ಮುಂದೆ ಒಂದು ತಮಟೆಯಂಥ ಡ್ರಮ್ಮು, ಕೊಳಲು. ಹಿಂದೆ ನಾವು.

ದಾರಿ ಮುಗಿಯುವಲ್ಲಿ, ನಾರ್ತ್ ಬ್ರಿಜ್ ಎಂಬ ಮರದ ಸೇತುವೆಯ ಪಕ್ಕ, ಒಂದು ಕಂಚಿನ ಪ್ರತಿಮೆ ಇದೆ. ಒಬ್ಬ ಯುವ ರೈತ. ಒಂದು ಕೈ ನೇಗಿಲಿನ ಮೇಲೆ, ಇನ್ನೊಂದರಲ್ಲಿ ಕೋವಿ. ಇಲ್ಲಿಗೆ ಬಂದ ಹೊಸದರಲ್ಲಿ ಅದನ್ನು ನೋಡಿ ನಾನು ಅಂದುಕೊಂಡದ್ದು, ಕೂಗು ಕೇಳಿದ ಕ್ಷಣ ನೇಗಿಲು ಬಿಟ್ಟು ಓಡಿ ಬಂದವರು ಇವರು, ಸಿಟ್ಟೇ ಇವರ ಸಂಘಟನೆ ಎಂದು. ಈ ಚಳಿಗಾಲವೆಲ್ಲ ಊರಿನ ಗ್ರಂಥಾಲಯದಲ್ಲಿ ಕುಳಿತು ಓದಿದ ಮೇಲೆ ಗೊತ್ತಾಯಿತು, ನಾನು ತಿಳಿದದ್ದು ತಪ್ಪು. ಅದನ್ನು ನಿಮಗೇ ಬರೆಯಬೇಕೆನಿಸಿತು. ಇಪ್ಪತ್ತು ವರ್ಷ ಹಾಲಿನ ಸೊಸೈಟಿಯ ನಡಾವಳಿ ಪುಸ್ತಕ ಬರೆದವರು ನೀವು. ಇದರ ಬೆಲೆ ನಿಮಗೆ ತಿಳಿಯುತ್ತದೆ.

ಊರಪಡೆ ಇಲ್ಲಿ ಹಳೆಯ ವ್ಯವಸ್ಥೆ. 16ರಿಂದ 60 ವರ್ಷದೊಳಗಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಅದರಲ್ಲಿ ಹೆಸರು ಬರೆಸಬೇಕು, ಸ್ವಂತ ಖರ್ಚಿನಲ್ಲಿ ಕೋವಿ, ಮದ್ದು, ಗುಂಡು ಇಟ್ಟುಕೊಳ್ಳಬೇಕು, ವರ್ಷದಲ್ಲಿ ಕೆಲವು ದಿನ ಊರ ಬಯಲಿನಲ್ಲಿ ಕವಾಯತು ಮಾಡಬೇಕು ಎಂಬುದು ಆ ಕಾಲದ ನಿಯಮ. ಒಂದು ಮಾತನ್ನು ಮುಚ್ಚಿಡಬಾರದು ಅಪ್ಪ. 1636ರ ಹೊತ್ತಿಗೆ ಈ ಪಡೆಗಳನ್ನು ರೆಜಿಮೆಂಟುಗಳಾಗಿ ಕಟ್ಟಿದಾಗ ಎದುರಿಗಿದ್ದವರು ಬ್ರಿಟಿಷರಲ್ಲ, ಈ ನೆಲದ ಮೂಲನಿವಾಸಿಗಳು. ಅವರ ಜಮೀನು ಕಿತ್ತುಕೊಂಡು, ಅವರ ವಿರುದ್ಧ ಬೆಳೆದ ಪಡೆ ಇದು. ನೂರನಲವತ್ತು ವರ್ಷಗಳ ನಂತರ ಅದೇ ಪಡೆ ಬ್ರಿಟನ್ನಿನ ದೊರೆಯ ವಿರುದ್ಧ ತಿರುಗಿತು.

ತಿರುಗಿದ್ದು ಹೇಗೆ ಎನ್ನುವುದೇ ನನಗೆ ಇಷ್ಟವಾದ ಭಾಗ. 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ತೆರಿಗೆ ವಿರೋಧಿಗಳಿಂದ ಕಡಲು ಪಾಲಾಯಿತಲ್ಲ, ಅದಕ್ಕೆ ಶಿಕ್ಷೆಯಾಗಿ ಲಂಡನ್ನಿನ ಸಂಸತ್ತು ಹೊಸ ಕಾನೂನುಗಳನ್ನು ತಂದಿತು. ಗವರ್ನರನ ಅನುಮತಿ ಇಲ್ಲದೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಊರಸಭೆ ಸೇರಬಾರದು ಎಂಬುದು ಅವುಗಳಲ್ಲಿ ಒಂದು. ತೆರಿಗೆಯನ್ನು ಹೇಗೋ ಸಹಿಸುತ್ತಿದ್ದರೇನೋ, ಸಭೆಯನ್ನು ಮುಟ್ಟಿದ್ದನ್ನು ಹಳ್ಳಿಯವರು ಸಹಿಸಲಿಲ್ಲ. 1774ರ ಸೆಪ್ಟೆಂಬರ್ 1ರಂದು ಜನರಲ್ ಗೇಜ್ ಎಂಬ ಗವರ್ನರ್ ಬಾಸ್ಟನ್ ಹತ್ತಿರದ ಮದ್ದಿನ ಮನೆಯಿಂದ ಸರಕಾರದ ಮದ್ದನ್ನೆಲ್ಲ ಎತ್ತಿಸಿಕೊಂಡು ಹೋದ. ಗುಂಡು ಹಾರಿತು, ಜನ ಸತ್ತರು ಎಂಬ ಸುಳ್ಳು ಸುದ್ದಿ ಹಬ್ಬಿ ಸಾವಿರಾರು ಜನ ಕೋವಿ ಹಿಡಿದು ಹೊರಟರು. ಸುದ್ದಿ ಸುಳ್ಳೆಂದು ತಿಳಿದು ತಿರುಗಿದರು. ಯಾರು ಎಲ್ಲಿಗೆ ಹೋಗಬೇಕು, ಯಾರ ಮಾತು ಕೇಳಬೇಕು ಎನ್ನುವುದು ಅಂದು ಯಾರಿಗೂ ಗೊತ್ತಿರಲಿಲ್ಲ.

ಐದು ದಿನ ಕಳೆದು ವೂಸ್ಟರ್‌ನಲ್ಲಿ ದೊರೆಯ ನ್ಯಾಯಾಲಯ ಸೇರದಂತೆ ತಡೆಯಲು 37 ಊರುಗಳ ಪಡೆಗಳು ಬಂದವು. ಒಟ್ಟು 4,622 ಜನ. ಅಷ್ಟು ನಿಖರವಾದ ಅಂಕಿ ಉಳಿದಿದೆ ಎಂದರೆ, ಅಷ್ಟು ಗದ್ದಲದ ನಡುವೆ ಯಾರೋ ಒಬ್ಬರು ಊರೂರಿನ ತಲೆ ಎಣಿಸಿ ಬರೆದುಕೊಂಡರು ಎಂದಲ್ಲವೇ? ನ್ಯಾಯಾಧೀಶರು ಟೋಪಿ ಕೈಯಲ್ಲಿ ಹಿಡಿದು, ಎರಡು ಸಾಲಿನ ನಡುವೆ ನಡೆಯುತ್ತ, ‘ನಾವು ಈ ಕಾನೂನಿನಡಿ ಕೆಲಸ ಮಾಡುವುದಿಲ್ಲ’ ಎಂದು ಮೂವತ್ತಕ್ಕೂ ಹೆಚ್ಚು ಸಲ ಓದಿ ಹೇಳಬೇಕಾಯಿತು, ಹಿಂದೆ ನಿಂತವರಿಗೂ ಕೇಳಲಿ ಎಂದು. ಗುಂಡು ಒಂದೂ ಹಾರಲಿಲ್ಲ. ಆ ಜಿಲ್ಲೆಯ ಸಭೆ ಅದೇ ತಿಂಗಳು ದೊರೆಯ ಹೆಸರಿನಲ್ಲಿ ನೇಮಕವಾಗಿದ್ದ ಪಡೆಯ ಅಧಿಕಾರಿಗಳೆಲ್ಲ ರಾಜೀನಾಮೆ ಕೊಡಬೇಕು, ಊರೂರು ಹೊಸಬರನ್ನು ಆರಿಸಬೇಕು, ಮೂರರಲ್ಲೊಂದು ಪಾಲು ಜನ ಒಂದು ನಿಮಿಷದ ಕರೆಗೆ ಸಿದ್ಧರಿರಬೇಕು ಎಂದು ಠರಾವು ಮಾಡಿತು. ‘ಮಿನಿಟ್‌ಮನ್’ ಎಂಬ ಹೆಸರಿನ ಬೇರು ಅಲ್ಲಿದೆ.

ಅಕ್ಟೋಬರಿನಲ್ಲಿ ಇಡೀ ಪ್ರಾಂತ್ಯದ ಪ್ರತಿನಿಧಿಗಳು ತಮ್ಮದೇ ಸಭೆ ಕಟ್ಟಿಕೊಂಡರು. ಸರಕಾರದ ದೃಷ್ಟಿಯಲ್ಲಿ ಅದು ಕಾನೂನುಬಾಹಿರ. ಪಡೆಯ ನಾಲ್ಕರಲ್ಲೊಂದು ಪಾಲು ಸದಾಸಿದ್ಧ ತುಕಡಿಗಳಾಗಬೇಕು, ತುಕಡಿಯಲ್ಲಿ ಕನಿಷ್ಠ 50 ಜನ, ಅವರು ಒಬ್ಬ ಕ್ಯಾಪ್ಟನ್, ಇಬ್ಬರು ಲೆಫ್ಟಿನೆಂಟರನ್ನು ಆರಿಸಬೇಕು, ಹೀಗೆ ಆಯ್ಕೆಯಾದವರು ಸೇರಿ ಮೇಲಿನ ಅಧಿಕಾರಿಗಳನ್ನು ಆರಿಸಬೇಕು ಎಂದು ಅಕ್ಟೋಬರ್ 26ರ ಠರಾವು ಹೇಳಿತು. ತೆರಿಗೆ ದೊರೆಯ ಖಜಾನೆಗಲ್ಲ, ಈ ಸಭೆ ನೇಮಿಸಿದ ಹೆನ್ರಿ ಗಾರ್ಡ್ನರ್ ಎಂಬ ಖಜಾಂಚಿಗೆ ಕಟ್ಟಬೇಕು. ಪಡೆಯನ್ನು ಯಾವಾಗ ಕರೆಯಬೇಕೆಂದು ನಿರ್ಧರಿಸಲು ಒಂದು ಸಮಿತಿ, ಸಾಮಾನು ಕೂಡಿಡಲು ಇನ್ನೊಂದು. ಕವಾಯತಿಗೆ ಬಂದವರಿಗೆ ಕೂಲಿ ಕೊಡಲು ಎಷ್ಟೋ ಊರುಗಳು ತಮ್ಮ ಸಭೆಯಲ್ಲಿ ಹಣ ಮಂಜೂರು ಮಾಡಿದವು. ಗದ್ದೆಯ ಕೆಲಸ ಬಿಟ್ಟು ಬಂದವನ ಮನೆಯೂ ನಡೆಯಬೇಕು ಎಂದು ಅವರು ಮೊದಲೇ ಯೋಚಿಸಿದ್ದರು!

ಕಾಂಕರ್ಡ್‌ನಲ್ಲಿ ಕೂಡಿಟ್ಟದ್ದು ಏನೇನು ಗೊತ್ತೇ? ಫಿರಂಗಿ, ಗುಂಡು, ಮದ್ದು ಸರಿ. ಅದರ ಜೊತೆ ಹಿಟ್ಟಿನ ಪೀಪಾಯಿಗಳು, ಒಣಮೀನು, ಅಕ್ಕಿ, ಮರದ ತಟ್ಟೆ, ಮರದ ಚಮಚ. ಬ್ರಿಟಿಷ್ ಸೈನ್ಯ 1775ರ ಏಪ್ರಿಲ್ 18ರ ರಾತ್ರಿ ಬಾಸ್ಟನ್ನಿನಿಂದ ಹೊರಟದ್ದೇ ಈ ದಾಸ್ತಾನನ್ನು ನಾಶ ಮಾಡಲು. ತಟ್ಟೆ ಚಮಚಗಳ ಬಗ್ಗೆ ಓದುವಾಗ ನನಗೆ ಕಣ್ಣು ತುಂಬಿ ಬಂತು. ಸಾವಿರಾರು ಜನ ಬಂದರೆ ಯಾವುದರಲ್ಲಿ ಉಣ್ಣುತ್ತಾರೆ ಎಂದು ಕೇಳಿದ ಯಾರೋ ಒಬ್ಬರು ಆ ಸಮಿತಿಯಲ್ಲಿದ್ದರು. ಜಾತ್ರೆಯ ಅನ್ನಸಂತರ್ಪಣೆಗೆ ಬಾಳೆಲೆಯ ಲೆಕ್ಕ ಹಾಕುತ್ತಿದ್ದ ನಿಮ್ಮ ಹಾಗೆ.

ಇನ್ನು ನಮ್ಮ ಆಕ್ಟನ್. ಇಲ್ಲಿನ ತುಕಡಿಯ ಕ್ಯಾಪ್ಟನ್ ಐಸಾಕ್ ಡೇವಿಸ್, 30 ವರ್ಷದವನು, ಕೋವಿ ಮಾಡುವ ಕಮ್ಮಾರ. ಮನೆಯ ಹಿಂದೆಯೇ ಗುರಿ ಅಭ್ಯಾಸಕ್ಕೆ ಜಾಗ ಮಾಡಿ, ವಾರಕ್ಕೆ ಎರಡು ಸಲ ಹುಡುಗರನ್ನು ಸೇರಿಸುತ್ತಿದ್ದ. ಬೇರೆ ತುಕಡಿಗಳಲ್ಲಿ ಅನೇಕರ ಕೋವಿಗೆ ಬಯೋನೆಟ್ (ನಳಿಗೆಯ ತುದಿಗೆ ಸಿಕ್ಕಿಸುವ ಚೂರಿ) ಇರಲಿಲ್ಲ, ತೋಟೆ ಇಡುವ ಸರಿಯಾದ ಪೆಟ್ಟಿಗೆ ಇರಲಿಲ್ಲ. ಡೇವಿಸ್ ತನ್ನವರಿಗೆ ಎರಡನ್ನೂ ಒದಗಿಸಿದ್ದ.

ಆಗಿನ ತೋಟೆಯನ್ನು ನಾನು ಸೋಮವಾರ ಹತ್ತಿರದಿಂದ ನೋಡಿದೆ. ಹಳೆಯ ಕಾಲದ ಉಡುಪು ತೊಟ್ಟ ಒಬ್ಬ ಹಿರಿಯರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಾಡಿ ತೋರಿಸಿದರು. ಬೆರಳಿನಷ್ಟು ದಪ್ಪದ ಮರದ ಕಡ್ಡಿಗೆ ಕಾಗದ ಸುತ್ತಿ, ತುದಿಗೆ ಗೋಲಿಯಂಥ ಸೀಸದ ಗುಂಡು ಇಟ್ಟು, ದಾರದಿಂದ ಬಿಗಿದು, ಕಡ್ಡಿಯನ್ನು ಎಳೆದುಬಿಟ್ಟರು. ಉಳಿದ ಟೊಳ್ಳಿಗೆ ಮದ್ದಿನ ಬದಲು ಒಣ ಮರಳು ಸುರಿದು ತುದಿ ಮಡಿಚಿದರು. ದೊಡ್ಡಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವಾಗ ಹೆಬ್ಬೆರಳಿನಿಂದ ಎಲೆಯ ತುದಿ ಮಡಿಚುತ್ತಿದ್ದರಲ್ಲ, ಥೇಟ್ ಅದೇ ಕೈಚಳಕ. ಹಲ್ಲಿನಿಂದ ಕಚ್ಚಿ ಕಾಗದ ಹರಿಯಬೇಕು, ಚೂರು ಮದ್ದನ್ನು ಕೋವಿಯ ಬದಿಯ ಪುಟ್ಟ ಬಟ್ಟಲಿಗೆ ಹಾಕಬೇಕು, ಉಳಿದದ್ದನ್ನು ಗುಂಡಿನ ಸಮೇತ ನಳಿಗೆಗೆ ಜಡಿಯಬೇಕು. ಇಂಥ ಮೂವತ್ತು ಈಡು ಪ್ರತಿಯೊಬ್ಬನ ಬಳಿ ಇರಬೇಕೆಂಬುದು ಆಗಿನ ನಿಯಮ. ಮಗ ಒಂದು ತೋಟೆ ಕಟ್ಟಲು ಹತ್ತು ನಿಮಿಷ ತೆಗೆದುಕೊಂಡ. ಚಳಿಗಾಲದ ರಾತ್ರಿಗಳಲ್ಲಿ ಒಲೆಯ ಪಕ್ಕ ಕುಳಿತು ಎಷ್ಟು ಮನೆಗಳವರು ಇದನ್ನು ಮಾಡಿರಬೇಕು!

ಬ್ರಿಟಿಷ್ ಸೈನ್ಯ ಹೊರಟ ಆ ರಾತ್ರಿ ಸುದ್ದಿ ಹಬ್ಬಿದ ವೇಗಕ್ಕೂ ಇಂಥ ಮುಂಚಿನ ಸಿದ್ಧತೆಯೇ ಕಾರಣ. ಕುದುರೆಯ ಮೇಲೆ ಹೊರಟ ಪೌಲ್ ರಿವಿಯರ್‌ನ ಹೆಸರು ನೀವು ಕೇಳಿರಬಹುದು. ಅವನು ಕಾಂಕರ್ಡ್ ಮುಟ್ಟಲೇ ಇಲ್ಲ, ದಾರಿಯಲ್ಲೇ ಸಿಕ್ಕಿಬಿದ್ದ. ಸುದ್ದಿ ಮಾತ್ರ ನಿಲ್ಲಲಿಲ್ಲ. ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಎಂಬ ವೈದ್ಯ ಅದನ್ನು ಮುಂದಕ್ಕೆ ಒಯ್ದ. ಒಂದೊಂದು ಊರಿಂದ ಇನ್ನೊಬ್ಬ ಸವಾರ, ಗಂಟೆ, ಡ್ರಮ್ಮು, ಗಾಳಿಯಲ್ಲಿ ಈಡು. ಕಾಂಕರ್ಡ್ ದಾರಿಯಲ್ಲಿರುವ ಲೆಕ್ಸಿಂಗ್ಟನ್ ಊರಿನ ಬಯಲಿನಲ್ಲಿ ಬೆಳಗಿನ ಜಾವ ಕ್ಯಾಪ್ಟನ್ ಜಾನ್ ಪಾರ್ಕರ್ ಸುಮಾರು 77 ಜನರನ್ನು ನಿಲ್ಲಿಸಿದ. ಅವನಿಗೆ ಆಗಲೇ ಕ್ಷಯ. ಸಾಲಿನಲ್ಲಿದ್ದವರಲ್ಲಿ ಅನೇಕರು ಅಪ್ಪ ಮಗ, ದಾಯಾದಿಗಳು. ಅವರಲ್ಲಿ ಪ್ರಿನ್ಸ್ ಎಸ್ಟಾಬ್ರೂಕ್ ಎಂಬ ಕರಿಯ ಗುಲಾಮನೂ ಒಬ್ಬ. ತನಗೇ ಇಲ್ಲದ ಸ್ವಾತಂತ್ರ್ಯಕ್ಕಾಗಿ ಅವನು ಗುಂಡೇಟು ತಿಂದ. ಎಂಟು ಜನ ಅಲ್ಲಿಯೇ ಸತ್ತರು.

ಕೆಲವು ಗಂಟೆಗಳ ನಂತರ ನಾರ್ತ್ ಬ್ರಿಜ್ ಬಳಿ ಸುಮಾರು 400 ಜನ ಸೇರಿದ್ದರು. ಮುಂದೆ ಹೋಗುವವರು ಯಾರು ಎಂಬ ಪ್ರಶ್ನೆ ಬಂದಾಗ, ‘ನನ್ನ ತುಕಡಿಯಲ್ಲಿ ಹೋಗಲು ಹೆದರುವವನು ಒಬ್ಬನೂ ಇಲ್ಲ’ ಎಂದು ಡೇವಿಸ್ ಹೇಳಿದನಂತೆ. ಬಯೋನೆಟ್ ಇದ್ದ ತುಕಡಿಯೇ ಮುಂದೆ ಇರಬೇಕಾದದ್ದೂ ನ್ಯಾಯವಾಗಿತ್ತು. ಮೊದಲ ಗುಂಡುಗಳಲ್ಲೇ ಡೇವಿಸ್ ಮತ್ತು ಅವನ ತುಕಡಿಯ ಏಬ್ನರ್ ಹಾಸ್ಮರ್ ಬಿದ್ದರು.

ಡೇವಿಸ್‌ನ ಹೆಂಡತಿ ಹ್ಯಾನಾ ಬಹಳ ವರ್ಷ ಬದುಕಿದ್ದಳು. ತೀರಾ ಮುದುಕಿಯಾದ ಮೇಲೆ ಆ ಬೆಳಗಿನ ವಿಷಯವನ್ನು ಹೇಳಿಕೆಯಾಗಿ ಬರೆಸಿದ್ದಾಳೆ. ನಾಲ್ಕೂ ಮಕ್ಕಳು ಕಾಯಿಲೆ ಬಿದ್ದಿದ್ದರು. ಗಂಡ ಹೊರಟವನು ತಿರುಗಿ ನೋಡಿದ, ಏನೋ ಹೇಳಬೇಕೆಂದಿದ್ದಾನೆ ಎಂದು ಅವಳಿಗೆ ಅನಿಸಿತು. ಅವನು ಹೇಳಿದ್ದು ಇಷ್ಟೇ: ಮಕ್ಕಳನ್ನು ಚೆನ್ನಾಗಿ ನೋಡಿಕೋ. ಮಧ್ಯಾಹ್ನ ಅವನ ಶವವನ್ನು ತಂದು ಅವಳ ಕೋಣೆಯಲ್ಲೇ ಮಲಗಿಸಿದರು. ಸಭೆ, ಠರಾವು, ಬಯೋನೆಟ್ ಎಲ್ಲದರ ಕೊನೆಯಲ್ಲಿ ಆ ಕೋಣೆ ಇದೆ, ಅಪ್ಪ. ಆ ದಾರಿಯಲ್ಲಿ ನಡೆಯುವಾಗ ಮಗನ ಕೈಯನ್ನು ನಾನು ಬಿಡಲಿಲ್ಲ.

ಬಾಸ್ಟನ್ನಿಗೆ ಮರಳುವ ಹಾದಿಯುದ್ದಕ್ಕೂ ಊರೂರಿನ ಪಡೆಗಳು ಬ್ರಿಟಿಷರ ಮೇಲೆ ಎರಗಿದವು. ಸಂಜೆಗೆ ಬ್ರಿಟಿಷರಲ್ಲಿ ಸತ್ತವರು 73, ಈ ಕಡೆ 49. ಮರುದಿನದಿಂದಲೇ ಸಾವಿರಾರು ಜನ ಬಾಸ್ಟನ್ನನ್ನು ಸುತ್ತುಗಟ್ಟಿದರು, 1776ರ ಮಾರ್ಚ್ 17ರಂದು ಬ್ರಿಟಿಷರು ಹಡಗು ಹತ್ತಿ ಹೋದರು. ಇಂಥ ಊರಪಡೆಗೆ ಮಿತಿಯೂ ಇತ್ತು. ಬಿತ್ತನೆಯ ಕಾಲ ಬಂದರೆ ಮನೆಯ ನೆನಪಾಗುತ್ತದೆ, ಅವಧಿ ಮುಗಿದರೆ ಹೊರಟುಬಿಡುತ್ತಾರೆ. ಅದಕ್ಕೇ 1775ರ ಜೂನ್ ಹೊತ್ತಿಗೇ ಬೇರೆಯೇ ಸೈನ್ಯ ಕಟ್ಟಿ ಜಾರ್ಜ್ ವಾಷಿಂಗ್ಟನ್‌ರನ್ನು ಅದರ ದಂಡನಾಯಕರಾಗಿ ನೇಮಿಸಬೇಕಾಯಿತು.

ಇದನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ನಮ್ಮ ಅಮರಸುಳ್ಯದ 1837. ಇಲ್ಲಿ ಯಾವ ಕಂಪನಿಯ ಚಹಾ ಕಡಲು ಪಾಲಾಯಿತೋ ಅದೇ ಕಂಪನಿಯ ಆಳ್ವಿಕೆಯ ವಿರುದ್ಧ ನಮ್ಮವರೂ ಎದ್ದಿದ್ದರು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿ, 13 ದಿನ ಊರನ್ನು ಆಳಿತು. ಅಜ್ಜ ಈ ಕಥೆ ಹೇಳುವಾಗ ‘ಜನ ಎದ್ದರು’ ಎನ್ನುತ್ತಿದ್ದರು. ಜನ ಹಾಗೆ ಸುಮ್ಮನೆ ಏಳುವುದಿಲ್ಲ ಎಂದು ನನಗೀಗ ಗೊತ್ತು. ಯಾರ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಿದರು, ಕರೆ ಒಯ್ದವರು ಯಾರು, ದಂಡಿಗೆ ಅಕ್ಕಿ ಯಾರ ಪತ್ತಾಯದಿಂದ ಬಂತು, ಬೇಯಿಸಿದವರು ಯಾರು? ಹ್ಯಾನಾಳ ಹಾಗೆ ನಮ್ಮ ಕಡೆಯ ಹೆಂಗಸರ ಹೇಳಿಕೆ ಯಾರಾದರೂ ಬರೆದುಕೊಂಡರೇ?

ಅಜ್ಜ ನಿಮಗೆ ಹೇಳಿದ್ದೆಲ್ಲ ನಿಮ್ಮ ನೆನಪಿನಲ್ಲಿದೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಇರುವಾಗ ಒಂದು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿಡಿ, ಅಪ್ಪ. ಸೊಸೈಟಿಯ ನಡಾವಳಿ ಬರೆಯುತ್ತಿದ್ದ ಹಾಗೆಯೇ: ಯಾರು, ಎಲ್ಲಿ, ಎಷ್ಟು. ನೆರೆಮನೆಯ ಹಿರಿಯರು ಹೇಳುವುದನ್ನೂ ಸೇರಿಸಿ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮಗನಿಗೆ ಅದನ್ನು ನೀವೇ ಓದಿ ಹೇಳಬೇಕು.

ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಲು ಆಳು ಸಿಕ್ಕಿದರೇ? ಈ ವರ್ಷ ನೀವು ಏಣಿ ಹತ್ತಬೇಡಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತು ನಿಮ್ಮ ಪ್ರೀತಿಯ ಮಗಳು