ಗೋಲು ಅಲ್ಲ, ಟಚ್‌ಡೌನ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್ ಬಗ್ಗೆ ಬಂದ ಬರಹದಿಂದ ಇವತ್ತು ನನ್ನ ಮಗಳು ಅತ್ತಳು. '208 ಗೋಲು ಹೊಡೆದ ಹುಟ್ಟು ಪ್ರತಿಭೆ' ಅಂತ ತಲೆಬರಹ, ಪಕ್ಕದಲ್ಲಿ ಸಾಕರ್‌ನ ದುಂಡನೆಯ ಚೆಂಡಿನ ಚಿತ್ರ.

ಅವಳಿಗೆ ಹತ್ತು ವರ್ಷ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶನಿವಾರದ ಕನ್ನಡ ತರಗತಿಯಲ್ಲಿ ಇಷ್ಟದ ಆಟಗಾರರ ಬಗ್ಗೆ ಮಾತಾಡಬೇಕಿತ್ತು. ಕನ್ನಡದಲ್ಲೇ ಬಂದಿದೆಯಲ್ಲ ಅಂತ ನಿಮ್ಮ ಬರಹ ನಾನೇ ತೆಗೆದುಕೊಟ್ಟೆ. ಈ ವಾರ ನನಗೆ ರಾತ್ರಿ ಪಾಳಿ, ಕೂತು ಓದಲಿಲ್ಲ. ಮನೆಯ ಪ್ರಿಂಟರ್ ಕೆಟ್ಟಿತ್ತು, ಟ್ರಾಫಿಕ್‌ನಲ್ಲಿ ನಲವತ್ತು ನಿಮಿಷ ಕಾರು ಓಡಿಸಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ನನ್ನ ಹೆಂಡತಿ ಬೆಳಗ್ಗೆ ಬೇಗ ಎದ್ದು ಚಾರ್ಟಿಗೆ ಅಂಟಿಸಿದಳು. ಮಗಳು 'ಗೋಲು' ಅಂದ ಕೂಡಲೇ ತರಗತಿಯ ಮಕ್ಕಳೆಲ್ಲ ನಕ್ಕರು. ರೈಸ್ ಆಡಿದ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟಿನೈನರ್ಸ್ ತಂಡದ ಪಂದ್ಯ ನೋಡಿ ಬೆಳೆದ ಮಕ್ಕಳು, ನಗದೆ ಇರ್ತಾರಾ?

ಅದು ಟಚ್‌ಡೌನ್, ಸ್ವಾಮಿ. ಅಂದ್ರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು. ರೈಸ್ ಚೆಂಡು ಒದ್ದವರಲ್ಲ. ಅವರು ರಿಸೀವರ್. ರಿಸೀವರ್ ಕೆಲಸ ಅಂದ್ರೆ ಕ್ವಾರ್ಟರ್‌ಬ್ಯಾಕ್ (ತಂಡದ ಆಟ ನಡೆಸುವವ) ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವುದು. ಆ 208ರಲ್ಲಿ 197 ಹೀಗೆ ಹಿಡಿದೇ ಬಂದವು. ಹಿಡಿದು ಗಳಿಸಿದ ದೂರ 22,895 ಯಾರ್ಡ್, ಅಂದ್ರೆ ಹತ್ತಿರ ಹತ್ತಿರ 21 ಕಿಲೋಮೀಟರ್. ಎರಡನೇ ಸ್ಥಾನದ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492ಕ್ಕೆ ನಿಂತರು.

ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು 'ಹುಟ್ಟು ಪ್ರತಿಭೆ' ಅನ್ನೋ ಮಾತು. ರೈಸ್ ಮಿಸಿಸಿಪ್ಪಿ ರಾಜ್ಯದ ಕ್ರಾಫರ್ಡ್ ಎಂಬ ಸಣ್ಣ ಊರಿನ ಹುಡುಗ. ಅಪ್ಪ ಗಾರೆ ಕೆಲಸದವರು. ಬೇಸಿಗೆಯ ಬಿಸಿಲಲ್ಲಿ ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದು ಹಿಡಿದು ಆ ಕೈ ಪಳಗಿದ್ದು. ದೊಡ್ಡ ಕಾಲೇಜೇನೂ ಅಲ್ಲ, ಮಿಸಿಸಿಪ್ಪಿ ವ್ಯಾಲಿ ಸ್ಟೇಟ್. ಅಷ್ಟೇನೂ ವೇಗದವನಲ್ಲ ಎಂದು 1985ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ತಂಡಗಳು ಹಿಂಜರಿದವು. ಇಬ್ಬರು ರಿಸೀವರ್‌ಗಳು ಆಯ್ಕೆಯಾದ ಮೇಲೆ 16ನೆಯವರಾಗಿ ಬಂದರು. ಮೊದಲ ವರ್ಷ ಎಷ್ಟೋ ಚೆಂಡು ಕೈಬಿಟ್ಟು, ಸ್ವಂತ ತಂಡದ ಅಭಿಮಾನಿಗಳಿಂದಲೇ ಛೀಮಾರಿ ಹಾಕಿಸಿಕೊಂಡರು. ರೆಡ್‌ವುಡ್ ಸಿಟಿ ಹತ್ತಿರದ ಎಡ್ಜ್‌ವುಡ್ ಗುಡ್ಡ ಎರಡೂವರೆ ಮೈಲಿ. ಅದನ್ನು ಓಡಿ ಹತ್ತುತ್ತಿದ್ದರು. ನಾನು ನಡೆದೇ ಹತ್ತಿದ್ದೇನೆ, ಅರ್ಧಕ್ಕೇ ಉಸಿರು ಕಟ್ಟುತ್ತದೆ. 1997ರಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಅದೇ ಡಿಸೆಂಬರಿನಲ್ಲಿ ಮತ್ತೆ ಆಡಿದರು. ಆಮೇಲೆ ಓಕ್ಲೆಂಡ್ ತಂಡದಲ್ಲಿ ನಲವತ್ತು ತುಂಬಿದ ವರ್ಷವೂ 92 ಚೆಂಡು ಹಿಡಿದರು. ಇಷ್ಟೆಲ್ಲ ಬಿಟ್ಟು ಸುಮ್ನೆ 'ಹುಟ್ಟು ಪ್ರತಿಭೆ' ಅಂದ್ರೆ ಓದುವ ಮಗುವಿಗೆ ಏನು ಗೊತ್ತಾಗುತ್ತೆ?

ಮಗಳನ್ನು ಸಮಾಧಾನ ಮಾಡೋಣ, ಸ್ವಲ್ಪ ಎಸೆದು ಹಿಡಿದು ಆಡೋಣ ಅಂತ ನಮ್ಮ ಬಡಾವಣೆಯ ಮೈದಾನಕ್ಕೆ ಕರೆದುಕೊಂಡು ಹೋದೆ. ಗೇಟಿಗೆ ಬೀಗ. ಹುಲ್ಲು ಬೆಳೆಯಬೇಕಂತೆ. ಆ ಹುಲ್ಲು ಎರಡು ವರ್ಷದಿಂದ ಬೆಳೆಯುತ್ತಲೇ ಇದೆ. ಪರ್ಮಿಟ್ ಕೇಳಲು ಮೂರು ಸಲ ಕಚೇರಿಗೆ ಹೋದೆ, ಮೂರು ಸಲವೂ ಬೇರೆ ಬೇರೆ ಫಾರಂ ಕೊಟ್ಟರು. ದೀಪ ಹಾಕಿಸಿ ಎಂದು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಮಕ್ಕಳು ಫೋನ್ ಹಿಡಿದು ಕೂರುತ್ತಾರೆ ಅಂತ ಭಾಷಣ ಮಾಡುವವರೂ ಇದೇ ಅಧಿಕಾರಿಗಳು!

ತಿದ್ದುಪಡಿ ಹಾಕಿ. ಮೂಲೆಯಲ್ಲಿ ಎರಡು ಸಾಲು ಹಾಕಿದರೆ ಸಾಲದು, ಆಟ ಗೊತ್ತಿರುವವರಿಂದ ಮತ್ತೆ ಬರೆಸಿ. ಮೈದಾನದ ಬೀಗದ ಬಗ್ಗೆಯೂ ಯಾರಾದರೂ ಬರೆಯಿರಿ, ಆಗಲಾದರೂ ಕಚೇರಿಯವರು ತಲೆ ಎತ್ತಿ ನೋಡುತ್ತಾರೇನೋ. ಪತ್ರಿಕೆಯಲ್ಲಿ ಬಂದದ್ದು ನಿಜ ಅಂತ ಮಕ್ಕಳು ನಂಬುತ್ತಾರೆ. ಅಚ್ಚು ಹಾಕುವ ಮೊದಲು ಒಮ್ಮೆ ಓದಿ ನೋಡುವಷ್ಟೂ ಪುರುಸೊತ್ತಿಲ್ಲವಾ ನಿಮಗೆ?

— ನೊಂದ ಓದುಗ, ಕ್ಯಾಲಿಫೋರ್ನಿಯಾ