ವಿಡಿಯೊ ನೋಡಿದರಷ್ಟೇ ಲೆಕ್ಕ ಬರದು

ಮಾನ್ಯರೇ,

ಬೆಳಗಾವಿ, ವಿಜಯಪುರ ಜಿಲ್ಲೆಗಳ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ 'ಸ್ವಯಂ', ಐಐಟಿಗಳು ಮತ್ತು ಐಐಎಸ್ಸಿ ನಡೆಸುವ ಎನ್‌ಪಿಟಿಇಎಲ್‌ನ ವಿಡಿಯೊ ಪಾಠಗಳು ಮೊಬೈಲಿನಲ್ಲೇ ಸಿಗುತ್ತಿವೆ. ಪಾಠಗಳ ಬಗ್ಗೆ ತಕರಾರಿಲ್ಲ. ಆದರೆ ಇನ್ನೊಬ್ಬರು ಬಿಡಿಸಿದ ಭೌತಶಾಸ್ತ್ರದ ಲೆಕ್ಕ ತಿಳಿಯುವುದು ಬೇರೆ, ಖಾಲಿ ಹಾಳೆಯ ಮುಂದೆ ಕುಳಿತು ತಾವೇ ಬಿಡಿಸುವುದು ಬೇರೆ. ಎನ್‌ಪಿಟಿಇಎಲ್‌ನಲ್ಲಿ ವಾರದ ಅಸೈನ್‌ಮೆಂಟಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ವಾಟ್ಸ್‌ಆ್ಯಪ್‌ನಲ್ಲಿ ಬಂದ ಉತ್ತರ ಮೊದಲಿನ 25ಕ್ಕೆ ಸಾಕಾದೀತು, ಅಷ್ಟೇ.

ಒಂದು ಲೆಕ್ಕ ನೋಡಿ. 30 ಡಿಗ್ರಿ ಇಳಿಜಾರಿನಲ್ಲಿ ಪೆಟ್ಟಿಗೆ ಜಾರುತ್ತಿದೆ, ಘರ್ಷಣಾ ಗುಣಾಂಕ (ಘರ್ಷಣೆ ಎಷ್ಟೆಂದು ಹೇಳುವ ಸಂಖ್ಯೆ) 0.2. ವೇಗೋತ್ಕರ್ಷ ಎಷ್ಟು? ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಸುಮಾರು ಮೈನಸ್ 10 ಬರುತ್ತದೆ. ತಾಣ 'ತಪ್ಪು' ಎನ್ನುತ್ತದೆ, ಯಾಕೆಂದು ಹೇಳುವುದಿಲ್ಲ. ಹುಡುಗರು ಮೈನಸ್ ತೆಗೆದು ಮತ್ತೆ ಒತ್ತುತ್ತಾರೆ. ಘರ್ಷಣೆಯೇ ಇಲ್ಲದಿದ್ದರೆ ಗುರುತ್ವದ ವೇಗೋತ್ಕರ್ಷ 9.8ರ ಅರ್ಧ, ಅಂದರೆ 4.9, ಘರ್ಷಣೆ ಇದ್ದರೆ ಅದಕ್ಕಿಂತ ಕಡಿಮೆಯೇ ಬರಬೇಕು ಎಂದು ಮೊದಲೇ ಬರೆದಿಟ್ಟುಕೊಂಡವರು ಅಲ್ಲೇ ಎಚ್ಚರಾಗುತ್ತಾರೆ. ಸರಿ ಉತ್ತರ ಸೆಕೆಂಡಿನ ವರ್ಗಕ್ಕೆ 3.2 ಮೀಟರ್. ಇಳಿಜಾರು 11 ಡಿಗ್ರಿಗೆ ಇಳಿದರೆ ಅದೇ ಸೂತ್ರ ಮೈನಸ್ ಕೊಡುತ್ತದೆ. ನಿಂತ ಪೆಟ್ಟಿಗೆ ಮೇಲಕ್ಕೆ ಹತ್ತುತ್ತದೆ ಎಂದಲ್ಲ, ನಿಂತೇ ಇರುತ್ತದೆ ಎಂದು! ಇದನ್ನು ಯಾವ ಹಸಿರು ಟಿಕ್ ಗುರುತೂ ಕಲಿಸದು.

ಆದ್ದರಿಂದ ತಾಣ ತೆರೆಯುವ ಮೊದಲು ನೋಟ್‌ಬುಕ್ ತೆರೆಯಬೇಕು. ಬಲಗಳ ಚಿತ್ರ, ಗೊತ್ತಿರುವುದು, ಬೇಕಿರುವುದು, ಒಂದು ಅಂದಾಜು. ಕೊನೆಯವರೆಗೂ m, g ಎಂಬಂಥ ಅಕ್ಷರಗಳಲ್ಲೇ ಬಿಡಿಸಿ ಆಮೇಲೆ ಅಂಕಿ ಹಾಕಬೇಕು. ಮೊದಲೇ ಹಾಕಿದರೆ ತಪ್ಪು ಎಲ್ಲಿ ನುಸುಳಿತೆಂದು ಹುಡುಕಲಾಗದು. ಇಪ್ಪತ್ತು ನಿಮಿಷ ಒದ್ದಾಡದೆ ಸುಳಿವು ನೋಡಬಾರದು, ನೋಡಿದರೂ ಒಂದೇ ಸಾಲು. ಸುಳಿವು ಪಡೆದ ಲೆಕ್ಕವನ್ನು ವಾರ ಬಿಟ್ಟು, ಏನೂ ನೋಡದೆ ಮತ್ತೆ ಬಿಡಿಸಬೇಕು.

ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡುವ ಪ್ರಯೋಗಗಳು, ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತವೆ. ನೆಲಮಟ್ಟದಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, 45 ಡಿಗ್ರಿಯಲ್ಲಿ ಹಾರಿಸಿದ ಗುಂಡು ಸುಮಾರು 23 ಮೀಟರ್ ಹೋಗುತ್ತದೆ ಎಂದು ಲೆಕ್ಕ ಹಾಕಿ, ಆಮೇಲೆ ಹಾರಿಸಿ ನೋಡಲಿ. ಗಾಳಿಯ ಪ್ರತಿರೋಧ ಸೇರಿಸಿದಾಗ ಎಷ್ಟು ಕಡಿಮೆಯಾಯಿತು, ಏಕೆ ಎಂದು ಎರಡು ಸಾಲು ಬರೆಯಲಿ.

ಕಾಲೇಜುಗಳು ವಾರಕ್ಕೆ ಒಂದು ತಾಸು ಇದಕ್ಕೆ ಮೀಸಲಿಟ್ಟು, ಮೂರೇ ಲೆಕ್ಕ ಕೊಡಲಿ. ಆಂತರಿಕ ಅಂಕ ತಾಣದ ಸ್ಕೋರಿಗಲ್ಲ, ನೋಟ್‌ಬುಕ್ಕಿಗೆ ಸಿಗಲಿ. ಹೊಡೆದುಹಾಕಿದ ಸಾಲುಗಳಿಗೂ.

– ಭೌತಶಾಸ್ತ್ರ ಬೋಧಕರು, ವಿಜಯಪುರ